ಜನರೇಟರ್ ಬ್ಯಾಟರಿಯನ್ನು ಚಾರ್ಜಿನಲ್ಲಿಡಲು ಯಾವ ದಾರಿ? ಮಲೆನಾಡಿನ ಮಳೆಗಾಲವನ್ನು ಲೆಕ್ಕಕ್ಕಿಟ್ಟು ಒಂದು ಹೋಲಿಕೆ

ಕರೆಂಟ್ ಕಂಬ ತಲುಪದ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಭಾಗದ ತೋಟದ ಮನೆಗಳಲ್ಲಿ ನಿತ್ಯದ ಬಳಕೆಗೆ ಸೋಲಾರ್, ಅದು ಸಾಲದ ದಿನಕ್ಕೆ ಜನರೇಟರ್ ಎಂಬ ವ್ಯವಸ್ಥೆ ಸಾಮಾನ್ಯ. ಜೂನ್ ಹತ್ತಿರ ಬಂದಂತೆ ಇಂಥ ಮನೆಯವರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಜನರೇಟರ್ ಗಟ್ಟಿಯಾಗಿದೆ, ಡೀಸೆಲ್ ತುಂಬಿದೆ, ಆದರೆ ಬೇಕಾದ ಹೊತ್ತಿನಲ್ಲಿ ಸೆಲ್ಫ್ ಹೊಡೆದರೆ ಟಕ್ ಟಕ್ ಎನ್ನುವ ಸದ್ದು ಮಾತ್ರ ಬರುತ್ತದೆ. ಬ್ಯಾಟರಿ ಇಳಿದಿರುತ್ತದೆ. ಇದನ್ನು ಸದಾ ತುಂಬಿಟ್ಟುಕೊಳ್ಳಲು ಸಣ್ಣ ಸೋಲಾರ್ ಪ್ಯಾನೆಲ್ ಹಾಕಬೇಕೇ, ಮನೆಯ ಇನ್ವರ್ಟರ್‌ನಿಂದ ಚಾರ್ಜರ್ ಕೊಡಬೇಕೇ, ಹಳ್ಳದ ಟರ್ಬೈನ್‌ನಿಂದ ತೆಗೆದುಕೊಳ್ಳಬಹುದೇ, ಅಥವಾ ವಾರಕ್ಕೊಮ್ಮೆ ಜನರೇಟರನ್ನೇ ಸ್ವಲ್ಪ ಹೊತ್ತು ಓಡಿಸಿದರೆ ಸಾಕೇ?

ಮಳೆಯಲ್ಲಿ ದಾರಿ ಕಡಿದು, ಮನೆಯಲ್ಲಿ ಕಾಯಿಲೆಯವರಿದ್ದು, ಮೊಬೈಲಿನ ಚಾರ್ಜೂ ಮುಗಿದಿರುವ ರಾತ್ರಿಯೇ ಜನರೇಟರ್ ನಿಜವಾಗಿ ಬೇಕಾಗುವುದು. ಆದ್ದರಿಂದ ಈ ಪ್ರಶ್ನೆಯನ್ನು ವರ್ಷದ ಸರಾಸರಿ ಇಟ್ಟುಕೊಂಡು ಬಿಡಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗಿನ ಎಂಟು ವಾರಗಳಲ್ಲಿ ಯಾವ ದಾರಿ ಕೆಲಸ ಮಾಡುತ್ತದೋ ಅದೇ ನಮಗೆ ಬೇಕಾದ ದಾರಿ. ಉಳಿದ ಹತ್ತು ತಿಂಗಳು ಹೇಗೋ ನಡೆಯುತ್ತದೆ.

ಅಳೆಯಬೇಕಾದದ್ದು ಏನು

ಯಾವುದೇ ದಾರಿಯನ್ನು ತೂಗಿ ನೋಡುವಾಗ ನಾನು ಮೊದಲು ಕೇಳುವುದು: ಬ್ಯಾಟರಿಯಿಂದ ದಿನಕ್ಕೆ ಎಷ್ಟು ಸೋರುತ್ತಿದೆ? ಮಳೆಗಾಲದಲ್ಲಿ ಆ ಮೂಲ ದಿನಕ್ಕೆ ಎಷ್ಟು ಕೊಡುತ್ತದೆ? ಮನುಷ್ಯರು ಮರೆತರೂ ಅದು ನಡೆಯುತ್ತದೆಯೇ? ತುಂಬಿದ ಮೇಲೆ ತಾನೇ ನಿಲ್ಲುತ್ತದೆಯೇ? ಮತ್ತು ಬಹಳ ಮುಖ್ಯವಾಗಿ, ಮನೆಯ ದೊಡ್ಡ ಬ್ಯಾಟರಿಗಳು ಖಾಲಿಯಾದ ದಿನ ಇದೂ ಜೊತೆಗೆ ಖಾಲಿಯಾಗುತ್ತದೆಯೇ? ಬೆಲೆಯ ಮಾತು ಇವೆಲ್ಲ ಆದ ಮೇಲೆ.

ಸೋರಿಕೆಯ ಲೆಕ್ಕ ಹಲವರಿಗೆ ಆಶ್ಚರ್ಯ ತರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವುದರಿಂದ ಬ್ಯಾಟರಿ ಖಾಲಿಯಾಗುವುದು ತೀರಾ ಕಡಿಮೆ. ಸೆಲ್ಫ್ ಮೋಟಾರ್ 200 ಆಂಪಿಯರ್ ಎಳೆದರೂ ಐದು ಸೆಕೆಂಡಿಗೆ ಅದು 0.3 ಎಎಚ್ (ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು) ಕೂಡ ಆಗುವುದಿಲ್ಲ. ಬ್ಯಾಟರಿಯನ್ನು ಕೊಲ್ಲುವುದು ನಿಂತಲ್ಲೇ ನಡೆಯುವ ಸಣ್ಣ ಬಳಕೆ. ಜನರೇಟರನ್ನು ತಾನಾಗಿ ಸ್ಟಾರ್ಟ್ ಮಾಡುವ ಕಂಟ್ರೋಲ್ ಪ್ಯಾನೆಲ್ (ಆಟೊ ಪ್ಯಾನೆಲ್), ರಿಮೋಟ್ ರಿಸೀವರ್, ಸದಾ ಉರಿಯುವ ಡಿಸ್‌ಪ್ಲೇ ಇದ್ದರೆ 100 ಮಿಲಿ ಆಂಪಿಯರ್ ಎಳೆಯುವುದು ಸಾಮಾನ್ಯ. ಅಂದರೆ ದಿನಕ್ಕೆ 2.4 ಎಎಚ್, ತಿಂಗಳಿಗೆ 72 ಎಎಚ್. 65 ಎಎಚ್‌ನ ಬ್ಯಾಟರಿ ಎರಡೇ ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದೇ, ಬರೀ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಸರಳ ಜನರೇಟರ್ ಆಗಿದ್ದರೆ ಉಳಿಯುವುದು ಬ್ಯಾಟರಿಯ ಒಳಗಿನ ಸ್ವಂತ ಇಳಿಕೆ ಮಾತ್ರ. ನೀರು ಹಾಕುವ ಬ್ಯಾಟರಿಯಲ್ಲಿ ಅದನ್ನು ತಿಂಗಳಿಗೆ ಶೇಕಡ 5 ಎಂದು ಹಿಡಿದರೆ ದಿನಕ್ಕೆ 0.1 ಎಎಚ್. ಎರಡರ ನಡುವೆ ಇಪ್ಪತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ. ನಿಮ್ಮದು ಯಾವುದು ಎಂದು ತಿಳಿಯದೆ ಸೋಲಾರ್ ಪ್ಯಾನೆಲ್ ಕೊಳ್ಳಲು ಹೋಗಬೇಡಿ.

ಅಳೆಯುವುದು ಕಷ್ಟವಿಲ್ಲ. ಸಾಧಾರಣ ಮಲ್ಟಿಮೀಟರ್ ಸಾಕು. ಜನರೇಟರ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ, ಟರ್ಮಿನಲ್ ಮತ್ತು ಬಿಚ್ಚಿದ ತಂತಿಯ ನಡುವೆ ಸೇರಿಸಿ ಓದಿ. ಮೀಟರ್ ಸೇರಿಸಿರುವಾಗ ಯಾರೂ ಸೆಲ್ಫ್ ಹೊಡೆಯಬಾರದು. ಹೊಡೆದರೆ ಮೀಟರಿನ ಫ್ಯೂಸ್ ಅಥವಾ ಮೀಟರೇ ಹೋಗುತ್ತದೆ.

ವೋಲ್ಟೇಜ್ ಲೆಕ್ಕವನ್ನೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಚಾರ್ಜರ್ ಬಿಚ್ಚಿ ರಾತ್ರಿಯಿಡೀ ಸುಮ್ಮನಿಟ್ಟ 12 ವೋಲ್ಟ್ ಸೀಸದ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಸ್ಟಾರ್ಟಿಂಗ್ ಬ್ಯಾಟರಿಯ ತಟ್ಟೆಗಳು ತೆಳು. ಒಮ್ಮೆಗೆ ಹೆಚ್ಚು ಕರೆಂಟ್ ಕೊಡಲೆಂದೇ ಅವನ್ನು ಹಾಗೆ ಮಾಡಿರುತ್ತಾರೆ. ಹಾಗಾಗಿ ಪೂರ್ತಿ ಇಳಿಯುವುದನ್ನು ಅವು ಹೆಚ್ಚು ಸಲ ತಾಳುವುದಿಲ್ಲ.

ವಾರಕ್ಕೊಮ್ಮೆ ಜನರೇಟರ್ ಓಡಿಸುವುದು

ಕೈಯಿಂದ ಹೊಸ ಖರ್ಚಿಲ್ಲ ಎಂದು ಎಲ್ಲರೂ ಮೊದಲು ಹಿಡಿಯುವ ದಾರಿ ಇದು. ಚಾರ್ಜಿಂಗ್ ದೃಷ್ಟಿಯಿಂದ ಇದು ಎಲ್ಲಕ್ಕಿಂತ ದುಬಾರಿ ಮತ್ತು ದುರ್ಬಲ. ಸ್ಟಾರ್ಟ್ ಮಾಡಲು ಹೋದದ್ದು ಕೆಲವೇ ನಿಮಿಷಗಳಲ್ಲಿ ವಾಪಸ್ ಬರುತ್ತದೆ, ನಿಜ. ಆದರೆ ಅರ್ಧ ಇಳಿದ ಸೀಸದ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಕೊನೆಯ ಐದನೇ ಒಂದು ಭಾಗವನ್ನು ಅದು ನಿಧಾನವಾಗಿಯೇ ಹೀರುವುದು, ಎಷ್ಟೇ ದೊಡ್ಡ ಡೈನಮೋ ಇದ್ದರೂ ಅವಸರಪಡಿಸಲಾಗುವುದಿಲ್ಲ. ಆಟೊ ಪ್ಯಾನೆಲ್ ವಾರಕ್ಕೆ ಸುಮಾರು 17 ಎಎಚ್ ತಿನ್ನುತ್ತಿದ್ದರೆ ಇಪ್ಪತ್ತು ನಿಮಿಷದ ಓಟ ಅದನ್ನು ತುಂಬಿಕೊಡುವುದಿಲ್ಲ. ವಾರಕ್ಕೊಂದು ಗಂಟೆ ಓಡಿಸಿದರೆ ಸಣ್ಣ ಡೀಸೆಲ್ ಜನರೇಟರ್ ತಿಂಗಳಿಗೆ ಮೂರು ನಾಲ್ಕು ಲೀಟರ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿಯ ಆಸುಪಾಸು ಹಿಡಿದರೂ ಒಂದೇ ವರ್ಷದ ಖರ್ಚಿನಲ್ಲಿ ಪ್ಯಾನೆಲ್ ಬರುತ್ತಿತ್ತು.

ಇನ್ನೊಂದು ತೊಂದರೆಯಿದೆ. ಡೀಸೆಲ್ ಎಂಜಿನನ್ನು ಲೋಡ್ ಇಲ್ಲದೆ ಓಡಿಸುತ್ತಿದ್ದರೆ ಇಂಧನ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಎಣ್ಣೆ ಬೆರೆತ ಮಸಿ ಕಟ್ಟುತ್ತದೆ. ಹಾಗೆಂದು ಜನರೇಟರನ್ನು ಓಡಿಸಲೇಬೇಡಿ ಎನ್ನುತ್ತಿಲ್ಲ. ತಿಂಗಳಿಗೊಮ್ಮೆ ಪಂಪ್ ಮೋಟಾರನ್ನೋ ಅಡಿಕೆ ಸುಲಿಯುವ ಯಂತ್ರವನ್ನೋ ಸೇರಿಸಿ ಅರ್ಧ ಗಂಟೆ ಓಡಿಸುವುದು ಎಂಜಿನ್ನಿನ ಆರೋಗ್ಯಕ್ಕೆ ಬೇಕು. ಅದನ್ನು ಬ್ಯಾಟರಿ ಚಾರ್ಜಿನ ಯೋಜನೆ ಎಂದು ನಂಬಬೇಡಿ.

ಸಣ್ಣ ಸೋಲಾರ್ ಪ್ಯಾನೆಲ್

ಜನರೇಟರ್ ಮನೆಯಿಂದ ದೂರದ ಪಂಪ್‌ಶೆಡ್ಡಿನಲ್ಲಿದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ. ಯಾರ ನೆನಪಿನ ಹಂಗೂ ಇಲ್ಲದೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಮನೆಯ ಇನ್ವರ್ಟರ್ ಸತ್ತರೂ ಇದು ಸಾಯುವುದಿಲ್ಲ. ಅಳತೆಯನ್ನು ಮಾತ್ರ ನಮ್ಮ ಮಳೆಗೆ ತಕ್ಕಂತೆ ಆರಿಸಬೇಕು. ಅಂಗಡಿಯಲ್ಲಿ ‘ಬ್ಯಾಟರಿ ಮೇಂಟೇನ್ ಮಾಡಲು 10 ವ್ಯಾಟ್ ಸಾಕು’ ಎನ್ನುವವರು ಬಯಲುಸೀಮೆಯ ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಪೂರ್ಣ ಬಿಸಿಲಿನ ಒಂದು ಗಂಟೆಗೆ ಸಮನಾದ ಬೆಳಕು ಸಿಕ್ಕರೆ ಸಾಕು ಎಂದುಕೊಂಡು ಲೆಕ್ಕ ಹಾಕುವುದು ಕ್ಷೇಮ.

ಆ ಲೆಕ್ಕದಲ್ಲಿ 10 ವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 0.55 ಎಎಚ್ ಕೊಡುತ್ತದೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಕುಳಿತು ಚಾರ್ಜನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ತಾನೇ 10 ಮಿಲಿ ಆಂಪಿಯರ್‌ನಷ್ಟು ಬಳಸಿದರೆ ದಿನಕ್ಕೆ 0.24 ಎಎಚ್ ಅಲ್ಲೇ ಹೋಯಿತು. ಬ್ಯಾಟರಿಯ ಸ್ವಂತ ಇಳಿಕೆ 0.1. ಸರಳ ಕೀಲಿ ಜನರೇಟರಿಗೆ ಇದು ಅಂತೂ ಸಾಲುತ್ತದೆ, 20 ವ್ಯಾಟ್ ಹಾಕಿದರೆ ನೆಮ್ಮದಿ. ಆಟೊ ಪ್ಯಾನೆಲ್ ಇರುವ ಜನರೇಟರಿಗೆ 50 ವ್ಯಾಟ್ ಹಾಕಿದರೂ ದಿನಕ್ಕೆ 2.8 ಎಎಚ್, ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಮರದ ನೆರಳಿದ್ದರೆ ಸಾಲುವುದಿಲ್ಲ. ಅಲ್ಲಿ 75 ಅಥವಾ 100 ವ್ಯಾಟ್‌ಗೆ ಹೋಗಿ.

ಇಷ್ಟು ಸಣ್ಣ ಕೆಲಸಕ್ಕೆ ಎಂಪಿಪಿಟಿ ಎಂಬ ದುಬಾರಿ ಬಗೆಯ ಕಂಟ್ರೋಲರ್ ಬೇಡ. 36 ಸೆಲ್‌ನ 12 ವೋಲ್ಟ್ ಪ್ಯಾನೆಲ್ ಮತ್ತು ಪಿಡಬ್ಲ್ಯೂಎಂ ಎಂಬ ಸರಳ ಬಗೆಯ ಕಂಟ್ರೋಲರ್ ಸಾಕು. ಕಂಟ್ರೋಲರ್ ಇಲ್ಲದೆ ನೇರ ಜೋಡಿಸಬೇಡಿ. ಮಳೆಗೆ ತಕ್ಕಂತೆ ದೊಡ್ಡದಾಗಿ ಹಾಕಿದ ಪ್ಯಾನೆಲ್ ಮಾರ್ಚ್‌ನಲ್ಲಿ ಬ್ಯಾಟರಿಯ ನೀರನ್ನೆಲ್ಲ ಕುದಿಸಿಬಿಡುತ್ತದೆ.

ಪ್ಯಾನೆಲ್ ಇಡುವ ರೀತಿಯಲ್ಲೂ ನಮ್ಮ ಊರಿಗೆ ಹೊಂದುವ ಒಂದು ಮಾತಿದೆ. ದಕ್ಷಿಣಕ್ಕೆ ಮುಖ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಶಿವಮೊಗ್ಗ ಜಿಲ್ಲೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಆದ್ದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ನಮಗೆ ಕಷ್ಟದ ತಿಂಗಳುಗಳೇ ಇವು. ಮೋಡದ ಬೆಳಕು ಹೇಗೂ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ. ಹಾಗಾಗಿ ಪ್ಯಾನೆಲನ್ನು ಕಡಿದಾಗಿ ವಾಲಿಸಬೇಡಿ. ನೀರು ಮತ್ತು ಎಲೆ ಜಾರಿ ಹೋಗುವಷ್ಟು, ಹತ್ತು ಹನ್ನೆರಡು ಡಿಗ್ರಿ ಸಾಕು. ಮಳೆಗಾಲದ ನಡುವೆ ಒಂದೆರಡು ಸಲ ಪಾಚಿ ಒರೆಸಿ. ಅಡಿಕೆ ಸೋಗೆ ಬೀಳುವ ಜಾಗದಲ್ಲಂತೂ ಇಡಲೇಬೇಡಿ.

ಮನೆಯ ಸೋಲಾರ್ ಬ್ಯಾಟರಿಗಳಿಂದ ಕೊಡುವುದು

ಜನರೇಟರ್ ಮನೆಗೆ ಹೊಂದಿಕೊಂಡೇ ಇದ್ದರೆ, ಮನೆಯಲ್ಲಿ 24 ಅಥವಾ 48 ವೋಲ್ಟ್‌ನ ದೊಡ್ಡ ಸೋಲಾರ್ ವ್ಯವಸ್ಥೆ ಇದ್ದರೆ, ಮತ್ತೊಂದು ಪ್ಯಾನೆಲ್ ಹಾಕುವ ಅಗತ್ಯವೇ ಇಲ್ಲ. ಜನರೇಟರ್ ಬ್ಯಾಟರಿಗೆ ದಿನಕ್ಕೆ ಬೇಕಾದದ್ದು ಹೆಚ್ಚೆಂದರೆ 30 ವ್ಯಾಟ್ ಅವರ್. ದೊಡ್ಡ ವ್ಯವಸ್ಥೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದರಲ್ಲಿ ಎರಡು ಬಗೆ. ಇನ್ವರ್ಟರಿನ 230 ವೋಲ್ಟ್‌ನಿಂದ ಒಳ್ಳೆಯ ಸ್ವಯಂಚಾಲಿತ ಚಾರ್ಜರ್ ಹಾಕುವುದು ಒಂದು. ಸುಲಭ, ಎಲ್ಲ ಊರಿನಲ್ಲೂ ಸಿಗುತ್ತದೆ, ಬ್ಯಾಟರಿ ತೀರಾ ಇಳಿದಾಗ ಬೇಗ ಎತ್ತಿ ನಿಲ್ಲಿಸುತ್ತದೆ. ಆದರೆ ಚಾರ್ಜರ್ ಸುಮ್ಮನೆ ಕುಳಿತಾಗಲೂ 5 ವ್ಯಾಟ್ ತಿಂದರೆ ದಿನಕ್ಕೆ 120 ವ್ಯಾಟ್ ಅವರ್ ಆಯಿತು, ಅಂದರೆ ಬ್ಯಾಟರಿಗೆ ಬೇಕಾದದ್ದರ ನಾಲ್ಕು ಪಟ್ಟು. ಮಳೆಗಾಲದಲ್ಲಿ ಇಷ್ಟನ್ನು ಪೋಲು ಮಾಡಲಾಗದು. ಒಂದು ಟೈಮರ್ ಹಾಕಿ ಮಧ್ಯಾಹ್ನ ಎರಡು ಗಂಟೆ ಕಾಲ ಮಾತ್ರ ಓಡುವಂತೆ ಮಾಡಿದರೆ ಸಮಸ್ಯೆ ತೀರಿತು. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗಳನ್ನು ಈ ಕೆಲಸಕ್ಕೆ ಬಳಸಬೇಡಿ. ತುಂಬಿದ ಮೇಲೂ ಅವು ತಳ್ಳುತ್ತಲೇ ಇರುತ್ತವೆ.

ಇನ್ನೊಂದು, ದೊಡ್ಡ ಬ್ಯಾಟರಿಗಳಿಂದ ನೇರವಾಗಿ 12 ವೋಲ್ಟ್‌ಗೆ ಇಳಿಸುವ ಡಿಸಿ ಚಾರ್ಜರ್. ಇನ್ವರ್ಟರ್ ಆಫ್ ಇದ್ದರೂ ಇದು ನಡೆಯುತ್ತದೆ, ವ್ಯರ್ಥವೂ ಕಡಿಮೆ. ಮನೆಯ ಪಕ್ಕದಲ್ಲೇ ಜನರೇಟರ್ ಇರುವವರಿಗೆ ನನ್ನ ಆಯ್ಕೆ ಇದೇ. ಸದಾ ಜೋಡಿಸಿಡುವುದಾದರೆ 13.5ರಿಂದ 13.8 ವೋಲ್ಟ್ ಒಳಗೆ ನಿಲ್ಲಬೇಕು. ಕರೆಂಟ್ ಒಂದೇ ದಿಕ್ಕಿಗೆ ಹರಿಯುವಂಥದ್ದನ್ನೇ ಕೇಳಿ ತೆಗೆದುಕೊಳ್ಳಿ. ಹಿಂದಕ್ಕೆ ಹರಿಯುವಂತಿದ್ದರೆ ಮನೆಯ ಬ್ಯಾಟರಿಗಳು ಖಾಲಿಯಾದ ರಾತ್ರಿ ಜನರೇಟರ್ ಬ್ಯಾಟರಿಯನ್ನೂ ಎಳೆದುಕೊಂಡು ಹೋಗುತ್ತವೆ, ಯಾವ ರಾತ್ರಿಗಾಗಿ ಇಷ್ಟೆಲ್ಲ ಮಾಡಿದೆವೋ ಅದೇ ರಾತ್ರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 24 ವೋಲ್ಟ್‌ಗೆ ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ತಂತಿ ತೆಗೆದು 12 ವೋಲ್ಟ್ ಕೊಡುವ ಅಭ್ಯಾಸವಿದೆ. ಖರ್ಚಿಲ್ಲದ ಉಪಾಯದಂತೆ ಕಂಡರೂ ಆ ಒಂದು ಬ್ಯಾಟರಿ ಸದಾ ಹಿಂದೆ ಬೀಳುತ್ತದೆ, ಜೊತೆಯದು ಹೆಚ್ಚು ಚಾರ್ಜ್ ಆಗಿ ಕುದಿಯುತ್ತದೆ. ಕೊನೆಗೆ ಎರಡೂ ಹಾಳಾಗುತ್ತವೆ.

ಹಳ್ಳದ ಟರ್ಬೈನ್

ಮನೆಯ ಹಿಂದಿನ ಗುಡ್ಡದಿಂದ ಹಳ್ಳ ಇಳಿದು ಬರುವ ಅದೃಷ್ಟವಂತರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪಶ್ಚಿಮ ಘಟ್ಟದ ಮನೆಗಳಲ್ಲಿ ಒಂದು ಕಿಲೋವ್ಯಾಟ್ ಆಸುಪಾಸಿನ ಪಿಕೊ (ತೀರಾ ಸಣ್ಣ) ಟರ್ಬೈನ್‌ಗಳು ಬಹಳ ಕಾಲದಿಂದ ಓಡುತ್ತಿವೆ. ಸೋಲಾರ್ ಮಂಕಾಗುವ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ, ಹಳ್ಳ ಬತ್ತುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಹಗಲು ರಾತ್ರಿ ಕರೆಂಟ್ ಇರುವಾಗ ಐದು ಆಂಪಿಯರ್‌ನ ಚಾರ್ಜರ್ ಒಂದು ಹೊರೆಯೇ ಅಲ್ಲ.

ಗಮನಿಸಬೇಕಾದದ್ದು ವೋಲ್ಟೇಜ್ ಏರಿಳಿತ. ಮನೆಯಲ್ಲಿ ಲೋಡ್ ತಟ್ಟನೆ ಕಡಿಮೆಯಾದರೆ ಟರ್ಬೈನ್ ಜೋರಾಗಿ ತಿರುಗಿ ವೋಲ್ಟೇಜ್ ಏರುತ್ತದೆ. ನೀರು ಒಳಬರುವ ಜಾಳಿಗೆಗೆ ಎಲೆ ಕಟ್ಟಿಕೊಂಡರೆ ವೋಲ್ಟೇಜ್ ಬೀಳುತ್ತದೆ. 90ರಿಂದ 270 ವೋಲ್ಟ್‌ವರೆಗೆ ತಾಳುವ ಎಲೆಕ್ಟ್ರಾನಿಕ್ ಚಾರ್ಜರನ್ನೇ ತೆಗೆದುಕೊಳ್ಳಿ. ಟರ್ಬೈನಿಗೆ ಹೆಚ್ಚುವರಿ ಕರೆಂಟನ್ನು ನೀರು ಕಾಯಿಸಲು ತಿರುಗಿಸುವ ಕಂಟ್ರೋಲರ್ ಇದ್ದರೆ ಚಾರ್ಜರಿಗೂ ರಕ್ಷಣೆ. ಬರೀ ಜನರೇಟರ್ ಬ್ಯಾಟರಿಗೆಂದು ಟರ್ಬೈನ್ ಕೂರಿಸುವುದು ಅರ್ಥವಿಲ್ಲದ ಖರ್ಚು. ಈಗಾಗಲೇ ಇರುವವರು, ಅಥವಾ ಮನೆಗೇ ಹಾಕಿಸಲು ಹೊರಟವರು ಈ ಲಾಭವನ್ನೂ ಪಡೆಯಬಹುದು.

ಚಾರ್ಜ್ ಮಾಡುವ ಬದಲು ಸೋರಿಕೆ ನಿಲ್ಲಿಸುವುದು

ಬಜೆಟ್ ತೀರಾ ಕಡಿಮೆ ಇರುವವರಿಗೆ, ವರ್ಷದಲ್ಲಿ ಅಪರೂಪಕ್ಕೆ ಜನರೇಟರ್ ಹಚ್ಚುವವರಿಗೆ ಇದೇ ಸಾಕು. ನೆಗೆಟಿವ್ ತಂತಿಗೆ ಒಂದು ಕಟ್-ಆಫ್ ಸ್ವಿಚ್ ಹಾಕಿ, ಜನರೇಟರ್ ನಿಲ್ಲಿಸಿದ ಮೇಲೆ ಅದನ್ನು ತಿರುಗಿಸಿಡಿ. ಕೆಲವು ನೂರು ರೂಪಾಯಿಯ ಕೆಲಸ. ಎಂಜಿನ್ ಓಡುತ್ತಿರುವಾಗ ಮಾತ್ರ ತಿರುಗಿಸಬಾರದು, ಡೈನಮೋ ಸುಟ್ಟೀತು. ತುಂಬಿದ ಒಳ್ಳೆಯ ಬ್ಯಾಟರಿ ಹೀಗೆ ಮೂರು ತಿಂಗಳು ಕಾಯುತ್ತದೆ. ಬಿಟ್ಟುಕೊಡಬೇಕಾದದ್ದು ತಾನಾಗಿ ಸ್ಟಾರ್ಟ್ ಆಗುವ ಅನುಕೂಲ. ವಯಸ್ಸಾದವರು ಮಾತ್ರ ಇರುವ ಮನೆಯಲ್ಲಿ, ಮಳೆಯಲ್ಲಿ ಶೆಡ್ಡಿಗೆ ಹೋಗಿ ಸ್ವಿಚ್ ತಿರುಗಿಸುವುದು ಕಷ್ಟವಿದ್ದರೆ ಈ ದಾರಿ ಬೇಡ, ಪ್ಯಾನೆಲ್ ದೊಡ್ಡದು ಹಾಕಿ.

ಕಟ್-ಆಫ್ ಮತ್ತು 20 ವ್ಯಾಟ್ ಪ್ಯಾನೆಲ್ ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನ. ಆಗ ಸೋಲಾರ್ ಕಂಟ್ರೋಲರಿನ ತಂತಿಗಳು ನೇರವಾಗಿ ಬ್ಯಾಟರಿಯ ಟರ್ಮಿನಲ್‌ಗೆ ಬರಬೇಕು. ಸ್ವಿಚ್ಚಿನ ಆಚೆ ಬದಿಗೆ ಕೊಟ್ಟರೆ ಸ್ವಿಚ್ ತೆಗೆದಾಗ ಚಾರ್ಜೂ ನಿಲ್ಲುತ್ತದೆ. ಪಾಸಿಟಿವ್ ತಂತಿಯಲ್ಲಿ, ಬ್ಯಾಟರಿಗೆ ತೀರಾ ಹತ್ತಿರ, ಒಂದು ಫ್ಯೂಸ್ ಇರಲಿ. ಇಲಿ ತಂತಿ ಕಡಿಯುವ ಶೆಡ್ಡುಗಳಲ್ಲಿ ಇದು ಬೆಂಕಿಯಿಂದ ಕಾಪಾಡುವ ವಸ್ತು.

ಉಳಿದ ದಾರಿಗಳ ಬಗ್ಗೆ ಎರಡೇ ಮಾತು. ಬ್ಯಾಟರಿ ಬಿಚ್ಚಿ ಜೀಪಿನಲ್ಲಿ ಪೇಟೆಗೆ ಒಯ್ದು ಚಾರ್ಜ್ ಮಾಡಿಸುವುದು ಬೇಸಿಗೆಯಲ್ಲಿ ನಡೆದೀತು, ಕೆಸರು ದಾರಿ ಮುಚ್ಚಿದ ಮೇಲೆ ಆಗದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಸ್ವಂತ ಇಳಿಕೆಯೂ ಕಡಿಮೆ, ಆದರೆ ಆಟೊ ಪ್ಯಾನೆಲ್ಲಿನ ಸೋರಿಕೆಯನ್ನು ಅದೂ ತಡೆಯುವುದಿಲ್ಲ. ಸೆಲ್ಫ್ ಎಳೆಯುವ ಕರೆಂಟಿಗೆ ಅದರ ರಕ್ಷಣಾ ಸರ್ಕ್ಯೂಟ್ ಮುಚ್ಚಿಕೊಳ್ಳುವ ಸಾಧ್ಯತೆಯೂ ಇದೆ. ಈ ಕೆಲಸಕ್ಕೆ ಅಷ್ಟು ಹಣ ಹಾಕುವ ಕಾರಣ ನನಗೆ ಕಾಣುವುದಿಲ್ಲ. ಕೈಯಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ಅಥವಾ ಎಂಜಿನ್ನಿಗೆ ಹೊಂದುವ ಹ್ಯಾಂಡಲ್ ಮನೆಯಲ್ಲಿರಲಿ, ಆಪತ್ತಿಗೆ ಬೇಕು. ಚಾರ್ಜಿಂಗಿನ ಬದಲಿ ಎಂದು ಮಾತ್ರ ಎಣಿಸಬೇಡಿ.

ಯಾರಿಗೆ ಯಾವುದು

ಸಾವಿರ ರೂಪಾಯಿಯೊಳಗೆ ಮುಗಿಸಬೇಕೆಂದರೆ ಕಟ್-ಆಫ್ ಸ್ವಿಚ್ ಮತ್ತು ಮಲ್ಟಿಮೀಟರ್ ಕೊಳ್ಳಿ. ಎರಡರಿಂದ ಮೂರು ಸಾವಿರ ಹೊಂದಿಸಬಲ್ಲ ಪಂಪ್‌ಶೆಡ್ಡಿನವರು 20 ವ್ಯಾಟ್ ಪ್ಯಾನೆಲ್, ಕಂಟ್ರೋಲರ್, ಫ್ಯೂಸ್ ಸೇರಿಸಲಿ. ಹೋಂಸ್ಟೇ ನಡೆಸುವವರು, ಫ್ರಿಜ್ಜಿನಲ್ಲಿ ಔಷಧಿ ಇಟ್ಟಿರುವವರು ಆಟೊ ಸ್ಟಾರ್ಟ್ ಬಿಡುವಂತಿಲ್ಲ. ಅವರು ಮನೆಯ ಬ್ಯಾಟರಿಗಳಿಂದ ಡಿಸಿ ಚಾರ್ಜರ್ ಹಾಕಿಸಿ, ಅದರ ಜೊತೆಗೆ ಸ್ವತಂತ್ರವಾದ ಒಂದು 50 ವ್ಯಾಟ್ ಪ್ಯಾನೆಲನ್ನೂ ಇಡಲಿ. ಎರಡು ಮೂಲ ಯಾಕೆ ಎಂದರೆ, ಅವರಲ್ಲಿ ಒಂದು ಕೈಕೊಟ್ಟಾಗ ನಷ್ಟ ದೊಡ್ಡದು. ಹೊಸ ಬ್ಯಾಟರಿ ಕೊಳ್ಳುವುದಿದ್ದರೆ ಸ್ವಂತ ಇಳಿಕೆ ಕಡಿಮೆಯಿರುವ, ನೀರು ಹಾಕಬೇಕಿಲ್ಲದ ಕ್ಯಾಲ್ಸಿಯಂ ಬಗೆಯದನ್ನು ಕೇಳಿ. ಕೊಡುವ ಹೆಚ್ಚಿನ ಹಣಕ್ಕೆ ನ್ಯಾಯವಿದೆ.

ಯಾವುದನ್ನೇ ಹಾಕಿದರೂ ಮಳೆಗೆ ಮೊದಲು ಬ್ಯಾಟರಿಯ ಮೇಲ್ಭಾಗವನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಒಳಗೆ ಹನಿ ಹೋಗದಂತೆ ನೋಡಿಕೊಳ್ಳಿ. ನಮ್ಮ ತೇವಕ್ಕೆ ಆ ಕೊಳೆಯ ಮೇಲಿಂದಲೇ ಕರೆಂಟ್ ಸೋರುತ್ತದೆ. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುವುದರಿಂದ ಶೆಡ್ಡಿಗೆ ಗಾಳಿಯಾಡುವ ಕಿಂಡಿ ಇರಲಿ.

ಜೋಡಿಸಿದ ಮೇಲೆ ಪರೀಕ್ಷೆ ಮಾಡುವ ದಿನವನ್ನೂ ಆರಿಸಿಕೊಳ್ಳಿ. ಬಿಸಿಲಿನ ದಿನ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಜುಲೈಯಲ್ಲಿ ವಾರವಿಡೀ ಮಳೆ ಸುರಿದ ಮೇಲೆ ಒಂದು ಸಂಜೆ ಚಾರ್ಜರ್ ಬಿಚ್ಚಿ, ಬೆಳಿಗ್ಗೆ ವೋಲ್ಟೇಜ್ ನೋಡಿ. 12.6 ಇದ್ದರೆ ನಿಮ್ಮ ಆಯ್ಕೆ ಸರಿಯಾಗಿದೆ. 12.4ಕ್ಕೆ ಬಂದಿದ್ದರೆ ಪ್ಯಾನೆಲ್ ದುಪ್ಪಟ್ಟು ಮಾಡಿ, ಇಲ್ಲವೇ ಕಟ್-ಆಫ್ ಸ್ವಿಚ್ ಸೇರಿಸಿ. ಚಾರ್ಜರ್ ನಡೆಯುತ್ತಿದ್ದೂ 12.2ಕ್ಕಿಂತ ಕೆಳಗಿದ್ದರೆ ಬ್ಯಾಟರಿಯೇ ಮುಗಿದಿರುವ ಸಾಧ್ಯತೆ ಹೆಚ್ಚು. ಪೇಟೆಯಲ್ಲಿ ಲೋಡ್ ಹಾಕಿ ಪರೀಕ್ಷಿಸಿ ನೋಡದೆ ಹೊಸ ಚಾರ್ಜರಿಗೆ ಹಣ ಸುರಿಯಬೇಡಿ.